ಮಗುವಿನ ಹೆಸರಿನ ನಿಧಿ: ಭೀಮೆ–ಕೃಷ್ಣೆಯ ಸೀಮೆ ಎತ್ತಬೇಕಾದ ಪಟ್ಟಿ

ಭೀಮಾ ಮತ್ತು ಕೃಷ್ಣಾ ನದಿಗಳ ಆಸುಪಾಸಿನ ಯಾದಗಿರಿ, ಶಹಾಪುರ, ಸುರಪುರ ಸೀಮೆಗೆ ದಾನ ಹೊಸದಲ್ಲ. ತಿಂಥಣಿ ಮೌನೇಶ್ವರನ ಜಾತ್ರೆಗೆ ಹಿಂದೂಗಳೂ ಮುಸಲ್ಮಾನರೂ ಕೂಡಿ ಬರುತ್ತಾರೆ. ಬೇಸಿಗೆ ಬಂದರೆ ಊರೂರಲ್ಲಿ ಅರವಟ್ಟಿಗೆ ಏಳುತ್ತದೆ. ತೀರಿಕೊಂಡ ಹಿರಿಯರ ಹೆಸರಲ್ಲಿ ಶಾಲೆಗೆ ಕೋಣೆ, ಗುಡಿಗೆ ಗಂಟೆ, ದಾರಿಯ ಬದಿಗೆ ಕೂರುವ ಕಟ್ಟೆ ಮಾಡಿಸಿಕೊಟ್ಟವರು ಬಹಳ ಮಂದಿ. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯ ತಾನು ನೇಯ್ದ ಬಟ್ಟೆಯನ್ನು ಜಂಗಮನಿಗೆ ಕೊಟ್ಟು, ಎಂದೂ ತೀರದ ತವನಿಧಿ ಪಡೆದ ಕಥೆ ನಮ್ಮ ಮನೆಮನೆಗೂ ಗೊತ್ತು. ಯಾದಗಿರಿಯ ಹೋಲ್ಸ್ಟನ್ ಮಿಷನ್ ಆಸ್ಪತ್ರೆಯ ಹಿಂದೆಯೂ ದೂರದೇಶದ ಮೆಥೊಡಿಸ್ಟ್ ಭಕ್ತರು ಕೂಡಿಸಿ ಕಳಿಸಿದ ಹಣವಿತ್ತು.

ಈ ಪರಂಪರೆಗೆ ಇನ್ನೊಂದು ಕೆಲಸ ಸೇರಬೇಕಿದೆ. ಕ್ಯಾನ್ಸರಿನಿಂದ ಅಗಲಿದ ಒಂದು ಮಗುವಿನ ನೆನಪಿಗೆ, ಅದೇ ಕಾಯಿಲೆಯ ಬೇರೆ ಮಕ್ಕಳ ವಾರ್ಡಿಗೆ ನೆರವು ಕೂಡಿಸುವ ಕೆಲಸ. ಇಂಥ ದೇಣಿಗೆಯ ಚರಿತ್ರೆ ದೊಡ್ಡದು. ಅದರಲ್ಲಿ ನಮ್ಮ ಜಿಲ್ಲೆಗೂ ಪಾಲಿದೆ.

ನೆನಪಿನಿಂದ ಎದ್ದ ಆಸ್ಪತ್ರೆಗಳು

ಯಾದಗಿರಿ ಸ್ಟೇಷನ್ನಿನಲ್ಲಿ ಮುಂಬೈ ರೈಲು ಹತ್ತುವವರೆಲ್ಲ ದುಡಿಯಲು ಹೊರಟವರಲ್ಲ. ಕೆಲವರ ಕೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯ ಫೈಲ್ ಇರುತ್ತದೆ. ಆ ಆಸ್ಪತ್ರೆಯ ಹೆಸರಿನಲ್ಲಿರುವ ಸ್ಮರಣೆ ಲೇಡಿ ಮೆಹರ್‌ಬಾಯಿ ಟಾಟಾ ಅವರದು. ಅವರ ತಂದೆ ಎಚ್.ಜೆ. ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಹಿರಿಯ ಅಧಿಕಾರಿ, ಹೀಗಾಗಿ ಮೆಹರ್‌ಬಾಯಿ ಬೆಂಗಳೂರಿನಲ್ಲಿ ಬೆಳೆದವರು. 1931ರಲ್ಲಿ ಅವರು ರಕ್ತದ ಕ್ಯಾನ್ಸರಿಗೆ ಬಲಿಯಾದರು. ಪತಿ ದೊರಾಬ್ಜಿ ಟಾಟಾ ಮರುವರ್ಷವೇ ಈ ರೋಗದ ಸಂಶೋಧನೆಗೆ ಪತ್ನಿಯ ಹೆಸರಲ್ಲಿ ಟ್ರಸ್ಟ್ ಕಟ್ಟಿದರು. 1941ರ ಫೆಬ್ರುವರಿ 28ರಂದು ಮುಂಬೈಯ ಪರೇಲದಲ್ಲಿ ಆಸ್ಪತ್ರೆಯ ಬಾಗಿಲು ತೆರೆಯಿತು.

ನಮ್ಮ ಸೀಮೆ ಹೈದರಾಬಾದ್ ರಾಜ್ಯದಲ್ಲಿದ್ದಾಗಲೇ, 1955ರಲ್ಲಿ, ಹೈದರಾಬಾದಿನಲ್ಲಿ ಮೆಹದಿ ನವಾಜ್ ಜಂಗ್ ಅವರ ಹೆಸರಿನ ಕ್ಯಾನ್ಸರ್ ಆಸ್ಪತ್ರೆ ಹುಟ್ಟಿತು. ರಾಜ್ಯಗಳ ಗಡಿ ಬದಲಾದರೂ ನಮ್ಮವರು ಆ ದಾರಿ ಬಿಟ್ಟಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಆರಂಭವಾದದ್ದು 1973ರಲ್ಲಿ. 1954ರಲ್ಲಿ ತೀರಿಕೊಂಡ ಕೇಂದ್ರ ಸಚಿವ ರಫಿ ಅಹ್ಮದ್ ಕಿದ್ವಾಯಿ ಅವರ ಸ್ಮರಣೆ ಅದರ ಹೆಸರಲ್ಲಿದೆ. 1980ರಲ್ಲಿ ಅದು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಅದರ ಆವರಣದಲ್ಲಿ ರೋಗಿಗಳ ಜೊತೆಗೆ ಬಂದವರು ಉಳಿಯಲು ಇನ್ಫೋಸಿಸ್ ಪ್ರತಿಷ್ಠಾನ ಧರ್ಮಶಾಲೆ ಕಟ್ಟಿಸಿಕೊಟ್ಟಿದೆ. ಕಿದ್ವಾಯಿಯ ಒಂದು ಶಾಖೆ ಕಲಬುರಗಿಗೂ ಬಂದದ್ದು ನಮ್ಮ ಭಾಗಕ್ಕೆ ದೊಡ್ಡ ಆಸರೆ.

ಜಿಮ್ಮಿ ಮತ್ತು ಅಲೆಕ್ಸ್

ಮಕ್ಕಳ ಕ್ಯಾನ್ಸರಿಗೆ ಜನರಿಂದ ಹಣ ಕೂಡಿಸುವ ಕೆಲಸಕ್ಕೆ ಮಾದರಿಯಾದದ್ದು ಅಮೆರಿಕದ ಬಾಸ್ಟನ್ ನಗರ. ಅಲ್ಲಿನ ವೈದ್ಯ ಸಿಡ್ನಿ ಫಾರ್ಬರ್ 1948ರಲ್ಲಿ ರಕ್ತದ ಕ್ಯಾನ್ಸರಿನ 16 ಮಕ್ಕಳಿಗೆ ಅಮಿನೊಪ್ಟೆರಿನ್ ಎಂಬ ಔಷಧ ಕೊಟ್ಟು, 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಂದೆ ಸರಿದದ್ದನ್ನು ತೋರಿಸಿದರು. ಆ ಔಷಧವನ್ನು ಒದಗಿಸಿದ ಸಂಶೋಧನಾ ತಂಡದ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಂದಿನವರೆಗೆ ವಾರಗಳಲ್ಲೇ ಮುಗಿಯುತ್ತಿದ್ದ ರೋಗಕ್ಕೆ ಮದ್ದು ಇದೆ ಎಂದು ಜಗತ್ತು ತಿಳಿದ ವರ್ಷ ಅದು.

ಅದೇ ವರ್ಷದ ಮೇ 22ರ ರಾತ್ರಿ ಫಾರ್ಬರ್ ಅವರ ರೋಗಿಯಾಗಿದ್ದ 12 ವರ್ಷದ ಹುಡುಗನೊಬ್ಬ ಹಾಸಿಗೆಯಿಂದಲೇ ರೇಡಿಯೊದಲ್ಲಿ ಮಾತಾಡಿದ. ನಿಜ ಹೆಸರು ಮುಚ್ಚಿಟ್ಟು ಅವನನ್ನು ಜಿಮ್ಮಿ ಎಂದು ಕರೆದರು. ಬೇಸ್‌ಬಾಲ್ ಆಟ ನೋಡಲು ಅವನಿಗೊಂದು ಟಿ.ವಿ. ಬೇಕಿತ್ತು. ಜನ ಕೊಟ್ಟದ್ದು ಟಿ.ವಿ.ಯ ಬೆಲೆಯನ್ನು ಎಂದೋ ದಾಟಿತು. ಆ ವರ್ಷವೇ 2,31,000 ಡಾಲರಿಗೂ ಹೆಚ್ಚು ಹಣ ಬಂದು, ಜಿಮ್ಮಿ ನಿಧಿ ಬೇರೂರಿತು. ಹುಡುಗ ಎಂದೋ ತೀರಿಕೊಂಡಿರಬೇಕೆಂದು ಬಹುಮಂದಿ ನಂಬಿದ್ದರು. ಐವತ್ತು ವರ್ಷಗಳ ಬಳಿಕ, 1998ರಲ್ಲಿ, ಐನರ್ ಗುಸ್ಟಾಫ್‌ಸನ್ ಎಂಬ ತನ್ನ ನಿಜ ಹೆಸರಿನಲ್ಲಿ ಅವನು ಎಲ್ಲರೆದುರು ಬಂದ. ಅಷ್ಟರಲ್ಲಿ ಅವನು ಮೊಮ್ಮಕ್ಕಳನ್ನು ಕಂಡಿದ್ದ.

ಅಲೆಕ್ಸ್ ಸ್ಕಾಟ್ ಎಂಬ ಹುಡುಗಿಯ ಪಾಲಿಗೆ ಹಾಗಾಗಲಿಲ್ಲ. ನಾಲ್ಕು ವರ್ಷದವಳಿದ್ದಾಗ, 2000ದಲ್ಲಿ, ಅವಳು ಮನೆ ಮುಂದೆ ನಿಂಬೆ ಶರಬತ್ತು ಮಾರಿ ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸತೊಡಗಿದಳು. ಎಂಟನೇ ವಯಸ್ಸಿಗೆ, 2004ರಲ್ಲಿ, ಅವಳು ಹೋಗುವ ಹೊತ್ತಿಗೆ ಅವಳ ಹೆಸರಿನಲ್ಲಿ ಹತ್ತು ಲಕ್ಷ ಡಾಲರ್ ಸೇರಿತ್ತು. ತಂದೆತಾಯಿ ಅದನ್ನು ಪ್ರತಿಷ್ಠಾನವಾಗಿ ಮುಂದುವರಿಸಿದರು. ಒಂದು ನಿಧಿ ಬದುಕಿದ ಮಗುವಿನ ಹೆಸರಲ್ಲಿ, ಇನ್ನೊಂದು ಅಗಲಿದ ಮಗುವಿನ ಹೆಸರಲ್ಲಿ ಬೆಳೆಯಿತು. ಎರಡೂ ದುಡಿದದ್ದು ಮುಂದೆ ಬರುವ ಮಕ್ಕಳಿಗಾಗಿ.

ನಮ್ಮ ಜಿಲ್ಲೆ ನಡೆದುಬಂದ ದಾರಿ

2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಯಿತು. ಎರಡೇ ತಿಂಗಳಲ್ಲಿ, 2010ರ ಫೆಬ್ರುವರಿಯಲ್ಲಿ, ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊಟ್ಟಮೊದಲು ಗುಲ್ಬರ್ಗಾ ವಿಭಾಗದಲ್ಲಿ ಜಾರಿಗೆ ಬಂತು. ಬಿಪಿಎಲ್ ಕುಟುಂಬದವರಿಗೆ ಹೃದ್ರೋಗ, ಕ್ಯಾನ್ಸರಿನಂಥ ದೊಡ್ಡ ಬ್ಯಾನಿಗಳ ಚಿಕಿತ್ಸೆ ಉಚಿತವಾದದ್ದು ಆಗಲೇ. ಹೊಲ ಅಡವಿಟ್ಟು ಮಗುವನ್ನು ಉಳಿಸಿಕೊಳ್ಳಲು ಹೊರಡುತ್ತಿದ್ದ ಜನಕ್ಕೆ ಅದು ಚಿಕ್ಕ ಸಂಗತಿಯಲ್ಲ. 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂದು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಸಿಗುವಂತಾಯಿತು. ಈಗ ಯಾದಗಿರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ.

ಹಾಗಿದ್ದರೆ ಇನ್ನೂ ದೇಣಿಗೆ ಏಕೆ? ಈ ಪ್ರಶ್ನೆಯನ್ನು ಎಲ್ಲರೂ ಕೇಳಬೇಕು, ಉತ್ತರವೂ ಸರಿಯಾಗಿ ತಿಳಿದಿರಬೇಕು.

ಕಾರ್ಡು ತುಂಬದ ಖರ್ಚು

ಮಕ್ಕಳಲ್ಲಿ ಹೆಚ್ಚು ಕಾಣುವ ರಕ್ತದ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ ಬೇಕು. ಮೊದಲ ಕೆಲವು ತಿಂಗಳು ಮಗು ಆಸ್ಪತ್ರೆಯ ಹತ್ತಿರವೇ ಇರಬೇಕು. ಔಷಧದಿಂದ ರೋಗನಿರೋಧಕ ಶಕ್ತಿ ಕುಗ್ಗಿರುವುದರಿಂದ ಜ್ವರ ಬಂದರೆ ಅಂದೇ ವೈದ್ಯರ ಮುಂದೆ ಇರಬೇಕು, ಊರಿಗೆ ಹೋಗಿ ಬರುವಷ್ಟು ಸಮಯ ಇರುವುದಿಲ್ಲ. ಶಹಾಪುರ, ಸುರಪುರಕ್ಕೆ ರೈಲಿಲ್ಲ. ಅಲ್ಲಿನವರು ಬಸ್ಸಿನಲ್ಲಿ ಯಾದಗಿರಿಗೆ ಬಂದು, ರಾತ್ರಿಯ ರೈಲು ಹಿಡಿದು ಬೆಂಗಳೂರು ಸೇರಬೇಕು.

ಆರೋಗ್ಯ ಯೋಜನೆಯ ಕಾರ್ಡು ಹಾಸಿಗೆಗೆ, ಔಷಧಕ್ಕೆ, ಶಸ್ತ್ರಚಿಕಿತ್ಸೆಗೆ ಆಗುತ್ತದೆ. ಕೋಣೆಯ ಬಾಡಿಗೆ, ಊಟ, ಆಟೋ, ಊರಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಉಳಿದ ಮಕ್ಕಳು, ತಪ್ಪಿದ ಕೂಲಿ, ಇವು ಅದರೊಳಗೆ ಬರುವುದಿಲ್ಲ. ರೈಲ್ವೆ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರಿಯಾಯಿತಿ ಕೊಡುತ್ತದೆ, ಆದರೆ ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕೆಂಬುದೇ ಅನೇಕರಿಗೆ ಗೊತ್ತಿಲ್ಲ. ಗುಳೆ ಹೋಗಿ ಬದುಕುವ ಮನೆಯಲ್ಲಿ ಒಬ್ಬರು ಆಸ್ಪತ್ರೆಯಲ್ಲಿ ಕೂತರೆ ಒಲೆ ಉರಿಯುವುದೇ ಕಷ್ಟ. ಮಗು ಸ್ವಲ್ಪ ಗೆಲುವಾದಂತೆ ಕಂಡರೆ ಸಾಕು, ಗುಣವಾಯಿತೆಂದು ಕರೆದುಕೊಂಡು ಹೋಗುತ್ತಾರೆ. ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಲ್ಲಿ ರೋಗ ಮತ್ತೆ ಮರಳುತ್ತದೆ, ಮೊದಲಿಗಿಂತ ಗಟ್ಟಿಯಾಗಿ.

ಸಿರಿವಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಅನೇಕ ಬಡ ದೇಶಗಳಲ್ಲಿ 30ಕ್ಕೂ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2030ರೊಳಗೆ ಕನಿಷ್ಠ ನೂರಕ್ಕೆ 60 ಮಕ್ಕಳಾದರೂ ಉಳಿಯಬೇಕೆಂಬ ಗುರಿಯನ್ನು ಅದು 2018ರಲ್ಲಿ ಇಟ್ಟುಕೊಂಡಿದೆ. ತಡವಾಗಿ ಪತ್ತೆಯಾಗುವುದು, ಅರ್ಧಕ್ಕೆ ಬಿಡುವುದು ಈ ಅಂತರಕ್ಕೆ ದೊಡ್ಡ ಕಾರಣಗಳು. ಇದನ್ನು ಅರಿತೇ 2006ರಲ್ಲಿ ಮುಂಬೈಯಲ್ಲಿ ಸೇಂಟ್ ಜೂಡ್ ಇಂಡಿಯಾ ಸಂಸ್ಥೆ ಹುಟ್ಟಿತು. ದೂರದೂರಿನಿಂದ ಬಂದ ಮಕ್ಕಳಿಗೂ ಹೆತ್ತವರಿಗೂ ಚಿಕಿತ್ಸೆ ಮುಗಿಯುವವರೆಗೆ ಅದು ಉಚಿತ ವಸತಿ ಕೊಡುತ್ತದೆ.

ನಮ್ಮ ನಿಧಿ ಹೇಗಿರಬೇಕು

ಆದ್ದರಿಂದ ನಮ್ಮ ಮೂರು ಊರುಗಳು ಒಂದು ಮಗುವಿನ ನೆನಪಿಗೆ ಪಟ್ಟಿ ಎತ್ತುವುದಾದರೆ, ಹಣ ಮೊದಲು ಕಲ್ಲಿಗೂ ಸುಣ್ಣಕ್ಕೂ ಹೋಗಬಾರದು. ಚಿಕಿತ್ಸೆ ಶುರುಮಾಡಿದ ಪ್ರತಿ ಮಗುವೂ ಅದನ್ನು ಮುಗಿಸಿಕೊಂಡು ಬರುವಂತೆ ನೋಡಿಕೊಳ್ಳಲು ಹೋಗಬೇಕು. ಮೂಲಧನ ಬ್ಯಾಂಕಿನಲ್ಲಿರಲಿ, ಬಡ್ಡಿ ಮಕ್ಕಳಿಗೆ ಸಲ್ಲಲಿ. ಒಂದು ಲಕ್ಷ ರೂಪಾಯಿಗೆ ನೂರಕ್ಕೆ 6ರಂತೆ ಬಡ್ಡಿ ಬಂದರೆ ವರ್ಷಕ್ಕೆ 6,000 ರೂಪಾಯಿ. ಒಂದು ಮನೆಯ ಹಲವು ಸಲದ ಹೋಗಿಬರುವ ಖರ್ಚು ಅದರಲ್ಲಿ ನಡೆಯುತ್ತದೆ. ಹತ್ತು ಮನೆತನದವರು ತಮ್ಮವರ ಹೆಸರಲ್ಲಿ ಅಷ್ಟಷ್ಟು ಇಟ್ಟರೆ, ದಾಸಿಮಯ್ಯನ ನಾಡಿನಲ್ಲಿ ಮತ್ತೊಂದು ತವನಿಧಿ ನಿಲ್ಲುತ್ತದೆ.

ಅದರ ಜೊತೆಗೆ ಹಣ ಬೇಡದ ಕೆಲಸಗಳೂ ಇವೆ. ಯುವಕ ಸಂಘಗಳು ರಕ್ತ ಮತ್ತು ಪ್ಲೇಟ್‌ಲೆಟ್ ಕೊಡುವವರ ಪಟ್ಟಿ ಇಟ್ಟುಕೊಳ್ಳಲಿ. ಬೆಂಗಳೂರಿನಲ್ಲಿ ದುಡಿಯುತ್ತಿರುವ ನಮ್ಮ ಹುಡುಗರು ಆಸ್ಪತ್ರೆಗೆ ಬಂದ ನಮ್ಮ ಊರಿನವರನ್ನು ಕಂಡು ಮಾತಾಡಿಸಲಿ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಶಿಕ್ಷಕರು ಈ ಲಕ್ಷಣಗಳನ್ನು ಗುರುತಿಟ್ಟುಕೊಳ್ಳಲಿ: ಇಳಿಯದ ಜ್ವರ, ಬಿಳಿಚಿದ ಮುಖ, ಏಟಿಲ್ಲದೆ ಮೈಮೇಲೆ ನೀಲಿ ಮಚ್ಚೆ, ರಾತ್ರಿ ಕಾಡುವ ಮೂಳೆನೋವು, ಕುತ್ತಿಗೆ ಅಥವಾ ಹೊಟ್ಟೆಯ ಗಂಟು, ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು. ಕಂಡ ಕೂಡಲೇ ದೊಡ್ಡ ದವಾಖಾನಿಗೆ ಕಳಿಸಬೇಕು. ತಾಯತ ಕಟ್ಟಿಸಿ ಕಾಯುವುದರಲ್ಲಿ ಕಳೆದ ತಿಂಗಳು ಮತ್ತೆ ಸಿಗುವುದಿಲ್ಲ.

ಮಗುವನ್ನು ಕಳೆದುಕೊಂಡ ಹೆತ್ತವರು ಒಪ್ಪಿದರೆ ಮಾತ್ರ ನಿಧಿಗೆ ಆ ಹೆಸರಿಡಬೇಕು. ನರಳುವ ಮಕ್ಕಳ ಫೋಟೊ ತೋರಿಸಿ ಹಣ ಕೇಳಬಾರದು. ವರ್ಷಕ್ಕೊಮ್ಮೆ ಲೆಕ್ಕವನ್ನು ಊರಿನ ಮುಂದೆ ಓದಬೇಕು.

ಈ ಸಂಚಿಕೆ ಓದುತ್ತಿರುವ ಹಿರಿಯರೇ, ತಾಯಂದಿರೇ, ವ್ಯಾಪಾರಿಗಳೇ, ನೌಕರರೇ, ಹೊರಗೆ ನೆಲೆಸಿದ ನಮ್ಮ ಮಣ್ಣಿನ ಮಕ್ಕಳೇ, ಮನೆಯಲ್ಲಿ ಮುಂದೆ ನಡೆಯುವ ತೊಟ್ಟಿಲು, ಮದುವೆ, ಪುಣ್ಯತಿಥಿಯ ಖರ್ಚಿನಲ್ಲಿ ಒಂದು ಪಾಲು ಇದಕ್ಕೆಂದು ತೆಗೆದಿಡಿ. ನಿಮ್ಮ ತಾಲ್ಲೂಕಿನ ಒಂದು ಮಗುವಿನ ಚಿಕಿತ್ಸೆ ಮುಗಿಯುವವರೆಗಿನ ಹೊಣೆಯನ್ನು ನಿಮ್ಮ ಓಣಿಯವರೆಲ್ಲ ಕೂಡಿ ಹೊತ್ತುಕೊಳ್ಳಿ.