ಇಂಟರಪ್ಟ್ ತಡೆದಿಡುವ ಅವಧಿಯ ಮಿತಿ: ಸೀರಿಯಲ್ ಪೋರ್ಟ್ ಮತ್ತು ಐಡಿಇ ಡಿಸ್ಕ್‌ಗಳ ನಿದರ್ಶನ

ಡಿವೈಸ್ ಡ್ರೈವರೊಂದು ಇಂಟರಪ್ಟ್‌ಗಳನ್ನು ಎಷ್ಟು ಹೊತ್ತು ತಡೆದಿಡಬಹುದು? ಈ ಪ್ರಶ್ನೆಗೆ ಸಾಮಾನ್ಯವಾಗಿ ಒಂದು ಅಂಕಿಯೇ ಉತ್ತರವಾಗಿ ಸಿಗುತ್ತದೆ. ವಿಂಡೋಸ್ ಡ್ರೈವರ್ ಬರೆಯುವವರಿಗೆ ಮೈಕ್ರೊಸಾಫ್ಟ್ ಕೊಡುವ ಸೂಚನೆಯಂತೆ, ಪ್ರೊಸೆಸರನ್ನು ಸುಮ್ಮನೆ ಕಾಯಿಸುವ ಕರೆ 50 ಮೈಕ್ರೊಸೆಕೆಂಡ್ ಮೀರಬಾರದು. ಅಂಕಿಯೇನೋ ಉಪಯುಕ್ತ. ಆದರೆ ನಿಜವಾದ ಮಿತಿಯನ್ನು ಹೇಳುವುದು ಅದೇ ಪ್ರೊಸೆಸರಿಗಾಗಿ ಕಾದಿರುವ ಇನ್ನೊಂದು ಸಾಧನದ ಬಫರು ಎಂಬುದು ನನ್ನ ವಾದ.

ಸೀರಿಯಲ್ ಪೋರ್ಟಿನಲ್ಲಿ ಸೆಕೆಂಡಿಗೆ 1,15,200 ಬಿಟ್ ವೇಗವಿದ್ದು, ಅಕ್ಷರಕ್ಕೆ 10 ಬಿಟ್ ಹಿಡಿದರೆ, ಸುಮಾರು 87 ಮೈಕ್ರೊಸೆಕೆಂಡಿಗೊಂದು ಅಕ್ಷರ ಬರುತ್ತದೆ. 16450 ಚಿಪ್ಪಿನಲ್ಲಿ ಬಂದ ಅಕ್ಷರಕ್ಕೆ ಒಂದೇ ಜಾಗ. ಮುಂದಿನದು ಬರುವುದರೊಳಗೆ ಓದದಿದ್ದರೆ ಅದು ಹೋದಂತೆಯೇ. 16550ಎ ಚಿಪ್ಪಿನಲ್ಲಿ 16 ಬೈಟ್‌ಗಳಿಗೆ ಜಾಗವಿದೆ. 14 ತುಂಬಿದಾಗ ಇಂಟರಪ್ಟ್ ಕೊಡುವಂತೆ ಇಟ್ಟರೆ ಇಂಟರಪ್ಟ್‌ಗಳ ಸಂಖ್ಯೆ ತಗ್ಗುತ್ತದೆ, ಆದರೆ ಉಳಿಯುವುದು ಎರಡೇ ಜಾಗ. ಮೂರನೆಯ ಅಕ್ಷರ ಪೂರ್ತಿ ಬರುವ ಹೊತ್ತಿಗೆ, ಅಂದರೆ 260 ಮೈಕ್ರೊಸೆಕೆಂಡಿಗೆ, ನಷ್ಟ ಖಚಿತ. ಆ ಗಡಿಯನ್ನು 8ಕ್ಕೆ ಇಳಿಸಿದರೆ ಅದೇ ಚಿಪ್ಪು 780 ಮೈಕ್ರೊಸೆಕೆಂಡಿನವರೆಗೆ ತಾಳುತ್ತದೆ. ಆರ್‌ಟಿಎಸ್ ಸಂಕೇತ ಇಳಿಸಿ ಎದುರಿನವರನ್ನು ನಿಲ್ಲಿಸೋಣವೆಂದರೆ, ಈ ಚಿಪ್ಪಿನಲ್ಲಿ ಆ ಕೆಲಸವೂ ಡ್ರೈವರಿನದೇ. ಇಂಟರಪ್ಟ್ ತಲುಪದೆ ಅದು ಏಳುವುದೇ ಇಲ್ಲ.

ಲಿನಕ್ಸಿನ ಹಳೆಯ ಐಡಿಇ ಡ್ರೈವರು ಪಿಐಒ ವಿಧಾನದಲ್ಲಿ ದತ್ತಾಂಶ ಸಾಗಿಸುವಾಗ ಉಳಿದ ಇಂಟರಪ್ಟ್‌ಗಳನ್ನು ತಡೆದಿಡುತ್ತಿತ್ತು. 512 ಬೈಟ್‌ಗಳ ಒಂದು ಸೆಕ್ಟರನ್ನು 16 ಬಿಟ್‌ನಂತೆ 256 ಸಲ ಓದಬೇಕು. ಪಿಐಒ 4ರಲ್ಲಿ ಓದೊಂದಕ್ಕೆ ಕನಿಷ್ಠ 120 ನ್ಯಾನೊಸೆಕೆಂಡ್, ಅಂದರೆ ಸೆಕ್ಟರಿಗೆ 31 ಮೈಕ್ರೊಸೆಕೆಂಡ್, ಯಾರಿಗೂ ತೊಂದರೆಯಿಲ್ಲ. ಒಂದು ಇಂಟರಪ್ಟಿಗೆ 16 ಸೆಕ್ಟರ್ ಸಾಗಿಸಿದರೆ ಅದು 490 ದಾಟುತ್ತದೆ. ಆಗ ಸೀರಿಯಲ್ ಚಿಪ್ಪಿನ ಗಡಿ 8ರಲ್ಲಿದ್ದರೆ ಅಕ್ಷರಗಳು ಉಳಿಯುತ್ತವೆ, 14ರಲ್ಲಿದ್ದರೆ ಕಳೆಯುತ್ತವೆ. ಡಿಸ್ಕ್ ಡ್ರೈವರಿನ ಒಂದು ಸಾಲೂ ಬದಲಾಗಿರುವುದಿಲ್ಲ. 600 ನ್ಯಾನೊಸೆಕೆಂಡಿನ ಪಿಐಒ 0ರಲ್ಲಂತೂ ಅವಧಿ 2.4 ಮಿಲಿಸೆಕೆಂಡ್ ಮೀರಿ ಎರಡೂ ಲೆಕ್ಕ ತಪ್ಪುತ್ತವೆ.

ಎಚ್‌ಡಿಪಾರ್ಮ್ ಎಂಬ ಉಪಕರಣದಿಂದ ಈ ತಡೆಯನ್ನು ತೆಗೆಯಬಹುದಿತ್ತು. ಹಾಗಾದರೆ ಮೊದಲೇ ಏಕೆ ತೆಗೆದಿರಲಿಲ್ಲ? ಸಿಎಂಡಿ-640ಬಿ, ಆರ್‌ಝಡ್-1000ದಂಥ ನಿಯಂತ್ರಕಗಳಲ್ಲಿ ಸಾಗಣೆಯ ನಡುವೆ ಇಂಟರಪ್ಟ್ ಬಂದರೆ ಡಿಸ್ಕಿನ ದತ್ತಾಂಶವೇ ಕೆಡುವ ಅಪಾಯವಿತ್ತು. ಕಳೆದ ಅಕ್ಷರವನ್ನು ಮತ್ತೆ ಕಳಿಸಿ ಎನ್ನಬಹುದು, ಕೆಟ್ಟ ಫೈಲ್‌ಸಿಸ್ಟಮಿಗೆ ಹಾಗೆನ್ನಲಾಗದು. ಆ ಎಚ್ಚರಿಕೆ ಸರಿಯಾದದ್ದೇ ಎಂದು ನನ್ನ ಅಭಿಪ್ರಾಯ.

ಬಹು ಪ್ರೊಸೆಸರ್ ಯಂತ್ರಗಳಲ್ಲಿ ಲೆಕ್ಕ ಇನ್ನಷ್ಟು ಜಟಿಲ. ಇಂಟರಪ್ಟ್ ತಡೆದು ಸ್ಪಿನ್‌ಲಾಕಿಗಾಗಿ ಕಾಯುವ ಪ್ರೊಸೆಸರು ತನ್ನ ಕೆಲಸದ ಅವಧಿಯ ಜೊತೆಗೆ ಲಾಕ್ ಹಿಡಿದವರ ಅವಧಿಯನ್ನೂ ಹೊರಬೇಕಾಗಬಹುದು. ಲಿನಕ್ಸಿನ ಐಆರ್‌ಕ್ಯೂಎಸ್‌ಆಫ್ ಟ್ರೇಸರ್ ತೋರಿಸುವುದು ಅಳತೆಯ ವೇಳೆ ಕಂಡ ಅತಿ ದೀರ್ಘ ತಡೆಯನ್ನು ಮಾತ್ರ. ಇಂಥ ಕಾಯುವಿಕೆ ಆ ವೇಳೆಯಲ್ಲಿ ಒದಗದಿದ್ದರೆ ವರದಿಯಲ್ಲೂ ಇರುವುದಿಲ್ಲ.