ಪಾಸಾದರೆ ಸಾಕು ಅನ್ನೋ ಪೇಪರಿನ ಕಥೆ

ಡಿಗ್ರಿ ಮುಗಿಸಿದವರನ್ನ ಒಂದು ಪ್ರಶ್ನೆ ಕೇಳಿ ನೋಡಿ. ಕಾಲೇಜಿನಲ್ಲಿ ಪರಿಸರ ಅಧ್ಯಯನ ಅಂತ ಒಂದು ಪೇಪರ್ ಇತ್ತಲ್ಲ, ಅದರಲ್ಲಿ ಏನು ಓದಿದ್ರಿ? ಬಹಳಷ್ಟು ಜನ ನಗ್ತಾರೆ. "ಅಯ್ಯೋ, ಅದಾ ಸಾರ್? ಹಿಂದಿನ ರಾತ್ರಿ ಗೈಡ್ ನೋಡಿ ಪಾಸಾದ್ವಿ." ಬಿಕಾಂನವರದ್ದೂ ಇದೇ ಮಾತು, ಎಂಜಿನಿಯರಿಂಗ್‌ನವರದ್ದೂ ಇದೇ ಮಾತು. ಆದರೆ ಅದು ಯಾರೋ ಸುಮ್ಮನೆ ತುರುಕಿದ ಪೇಪರ್ ಅಲ್ಲ. ಅದರ ಹಿಂದೆ ಹೆಣಗಳಿವೆ. ಹನ್ನೆರಡು ವರ್ಷಗಳ ಕೋರ್ಟ್ ಅಲೆದಾಟವಿದೆ.

1984ರ ಡಿಸೆಂಬರ್ 2ರ ರಾತ್ರಿ. ಭೋಪಾಲ್‌ನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿತು. ಸಾವಿರಾರು ಜೀವ ಹೋಯಿತು. ಸರಿಯಾಗಿ ಒಂದು ವರ್ಷಕ್ಕೆ, 1985ರ ಡಿಸೆಂಬರ್‌ನಲ್ಲಿ, ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲ ಹೊರಬಂತು. ಆ ಕಾರ್ಖಾನೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿದ್ದವರು ವಕೀಲ ಎಂ.ಸಿ. ಮೆಹ್ತಾ. ತಾಜ್‌ಮಹಲ್‌ನ ಮಾಲಿನ್ಯದ ಕೇಸು, ಗಂಗೆಗೆ ಸೇರುವ ಕೊಳಚೆಯ ಕೇಸು, ಎಲ್ಲದರಲ್ಲೂ ಅದೇ ಹೆಸರು.

ಕೇಸು ಗೆದ್ದರೆ ಒಂದು ಕಾರ್ಖಾನೆಗೆ ಬೀಗ ಹಾಕಿಸಬಹುದು. ಸರಿ. ಆದರೆ ಕಾರ್ಖಾನೆ ಕಟ್ಟೋ ಎಂಜಿನಿಯರ್, ಸಾಲ ಕೊಡೋ ಬ್ಯಾಂಕ್ ಮ್ಯಾನೇಜರ್, ಫೈಲಿಗೆ ಸಹಿ ಹಾಕೋ ಅಧಿಕಾರಿ, ಇವರಿಗೇ ಏನೂ ಗೊತ್ತಿಲ್ಲದಿದ್ದರೆ? ಮೆಹ್ತಾ ಇನ್ನೊಂದು ಅರ್ಜಿ ಹಾಕಿದರು: ಜನರಿಗೆ ಪರಿಸರದ ತಿಳಿವಳಿಕೆ ಕೊಡಿಸಿ.

1991ರ ನವೆಂಬರ್ 22ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪರಿಸರ ಕಾಪಾಡುವುದು ನಾಗರಿಕರ ಕರ್ತವ್ಯ ಅಂತ 1976ರಲ್ಲೇ ಸಂವಿಧಾನಕ್ಕೆ ಸೇರಿಸಿಯಾಗಿತ್ತು. ಕರ್ತವ್ಯ ಏನು ಅಂತಲೇ ಗೊತ್ತಿಲ್ಲದವನು ಅದನ್ನ ಪಾಲಿಸೋದು ಹೇಗೆ? ಶಾಲೆಗಳಲ್ಲಿ ಪರಿಸರ ಕಡ್ಡಾಯ ವಿಷಯವಾಗಲಿ, ವಿಶ್ವವಿದ್ಯಾಲಯಗಳಲ್ಲೂ ಕೋರ್ಸ್ ಬರಲಿ ಎಂದಿತು ಕೋರ್ಟ್. ಸಿನಿಮಾ ಮಂದಿರಗಳು ಪರಿಸರದ ಸ್ಲೈಡ್ ತೋರಿಸಲಿ. ಆಕಾಶವಾಣಿ, ದೂರದರ್ಶನ ದಿನಾ ಐದರಿಂದ ಏಳು ನಿಮಿಷ ಪರಿಸರಕ್ಕೆ ಕೊಡಲಿ.

ಆಮೇಲೆ? ನಮ್ಮಲ್ಲಿ ಆಗೋದೇ ಆಯ್ತು. ಆದೇಶ ಕಡತ ಸೇರಿತು. ಮೆಹ್ತಾ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2003ರ ಡಿಸೆಂಬರ್ 18ರಂದು ಕೋರ್ಟ್ ಮತ್ತೊಮ್ಮೆ ಗದರಿತು. ಹೀಗೆ ಬಂತು ಯುಜಿಸಿಯ ಆರು ತಿಂಗಳ ಕಡ್ಡಾಯ ಕೋರ್ಸ್. ಕಲೆ, ವಾಣಿಜ್ಯ, ವಿಜ್ಞಾನ, ಯಾವ ಡಿಗ್ರಿಯಾದರೂ ಸರಿ, ಜೊತೆಗೆ ಇದನ್ನೂ ಓದಬೇಕು. ಆಗ ಅದರಲ್ಲಿ ಎಂಟು ಘಟಕ, 50 ತರಗತಿ ಇದ್ದವು. 100 ಅಂಕಗಳಲ್ಲಿ 25 ಅಂಕ ಕ್ಷೇತ್ರಕಾರ್ಯಕ್ಕಿತ್ತು. ಅಂದ್ರೆ ಹೊರಗೆ ಹೋಗಿ ಕೆರೆ ನೋಡಿ, ಕಾಡು ನೋಡಿ, ಕಸದ ರಾಶಿ ನೋಡಿ ಬರೆಯಬೇಕಿತ್ತು. ಎಷ್ಟು ಕಾಲೇಜುಗಳು ಮಕ್ಕಳನ್ನ ಕೆರೆ ಹತ್ರ ಕರ್ಕೊಂಡು ಹೋದವು? ನಿಮ್ಮ ಮನೆಯ ಮಕ್ಕಳನ್ನೇ ಕೇಳಿ.

ಎರಡು ವಿದ್ಯೆ ಸೇರಿದರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. ಮಾಧವ ಗಾಡ್ಗೀಳ್ ಹಾರ್ವರ್ಡ್‌ನಲ್ಲಿ ಗಣಿತವನ್ನೂ ಪರಿಸರವನ್ನೂ ಜೋಡಿಸಿ ಓದಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು. ಎಪ್ಪತ್ತರ ದಶಕದಲ್ಲಿ ಕರ್ನಾಟಕದ ಬಿದಿರು ಯಾಕೆ ಖಾಲಿಯಾಗ್ತಿದೆ ಅಂತ ಅಧ್ಯಯನ ಮಾಡಿದರು. ಕಾಗದದ ಕಾರ್ಖಾನೆಗಾಗಿ ಬಿದಿರು ಕಡಿಯುವವರು ಮೆಳೆಯ ಬುಡದ ಮುಳ್ಳನ್ನೆಲ್ಲ ಸವರುತ್ತಿದ್ದರು, ಬಿದಿರಿಗೆ ಒಳ್ಳೆಯದು ಅಂತ. ಮುಳ್ಳು ಹೋದರೆ ಕಳಲೆ ದನದ ಪಾಲು ಅಂದ್ರು ಹಳ್ಳಿಯವರು. ಲೆಕ್ಕ ಹಾಕಿ ನೋಡಿದಾಗ ಹಳ್ಳಿಯವರ ಮಾತೇ ಸರಿ!

ಈಗ ಬೆಳ್ಳಂದೂರಿಗೆ ಬನ್ನಿ. ಕೆರೆ ನೊರೆ ಕಾರಿತು. 2017ರಲ್ಲಿ, 2018ರಲ್ಲಿ ಆ ಕೆರೆಗೇ ಬೆಂಕಿ ಬಿತ್ತು. ಸುತ್ತ ಇರೋದೇನು? ಟೆಕ್ ಪಾರ್ಕ್‌ಗಳು, ಅಪಾರ್ಟ್‌ಮೆಂಟ್‌ಗಳು. ಅವನ್ನ ಕಟ್ಟಿದವರು, ಅನುಮತಿ ಕೊಟ್ಟವರು ಡಿಗ್ರಿ ಇಲ್ಲದವರಾ? ಓದಿದವರೇ. ಆದರೆ ಓದಿದ್ದು ತಲೆಗೆ ಹೋಗಿರಲಿಲ್ಲ.

ಕಾಲೇಜುಗಳನ್ನಷ್ಟೇ ಬೈದು ಎದ್ದು ಹೋಗಲ್ಲ ನಾನು. ಆ ತೀರ್ಪು ಬಂದಾಗ ಕನ್ನಡದಲ್ಲಿ ಖಾಸಗಿ ನ್ಯೂಸ್ ಚಾನೆಲ್ ಇರಲಿಲ್ಲ. ಈಗ ಇವೆ. ಇಪ್ಪತ್ನಾಲ್ಕು ಗಂಟೆ ಮಾತಾಡ್ತೀವಿ. ಅದರಲ್ಲಿ ದಿನಕ್ಕೆ ಏಳು ನಿಮಿಷ ಕೆರೆಗೆ, ಕಾಡಿಗೆ ಕೊಟ್ಟಿದ್ದೀವಾ? ಕೆರೆಗೆ ಬೆಂಕಿ ಬಿದ್ದ ದಿನ ಮಾತ್ರ ಕ್ಯಾಮೆರಾ ತಗೊಂಡು ಓಡಿದ್ವಿ. ಆ ಪೇಪರಿನಲ್ಲಿ ನಾವೂ ಪಾಸಾಗಿಲ್ಲ.