ದಂಡಿನಿಂದ ಊರಿಗೆ

ದಂಡಿಗೆ ಹೋದವರ ಕಥೆ ಬರೆಯುವವರು ಬಹಳ. ದಂಡು ಬಿಟ್ಟು ಊರಿಗೆ ಬಂದವರ ಕಥೆ ಬರೆದವರು ಕಡಿಮೆ. ನಮ್ಮ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಅದನ್ನೇ ನಾಲ್ಕು ಮಾತು ಬರೆಯುತ್ತೇನೆ.

ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ ಜೋಧಪುರದವರ ಜೊತೆ ಸೇರಿ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಹಿಡಿದದ್ದು ಹೆಸರಾದ ಸಂಗತಿ. ಆ ಮಹಾಯುದ್ಧ ಮುಗಿದು ಲಕ್ಷಾಂತರ ಸಿಪಾಯಿಗಳು ಮನೆ ಕಡೆ ಹೊರಟಾಗ, ಇವರ ಮುಂದಿನ ಜೀವನ ಹೇಗೆ ಎಂಬ ಪ್ರಶ್ನೆ ಸರ್ಕಾರಕ್ಕೂ ಬಂತು. 1919ರಲ್ಲಿ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಹುಟ್ಟಿತು. ಅದೇ 1975ರಲ್ಲಿ ಕೇಂದ್ರೀಯ ಸೈನಿಕ ಮಂಡಳಿ ಆಯಿತು.

ಎರಡನೇ ಮಹಾಯುದ್ಧದಲ್ಲಿ ಭಾರತದ ಸೈನ್ಯ ಸುಮಾರು 2 ಲಕ್ಷದಿಂದ 25 ಲಕ್ಷಕ್ಕೆ ಬೆಳೆಯಿತು. 1945ರಲ್ಲಿ ಯುದ್ಧ ನಿಂತಿತು, ಹೆಚ್ಚಿನವರಿಗೆ ಬಿಡುಗಡೆಯಾಯಿತು. ಲಾರಿ ಓಡಿಸಲು, ಇಂಜಿನ್ ರಿಪೇರಿಗೆ, ವೈರ್‌ಲೆಸ್‌ಗೆ ಕಲಿತವನ ಕೈಯಲ್ಲಿ ಒಂದು ಕಸುಬಿತ್ತು. ಬಂದೂಕು ಒಂದನ್ನೇ ಬಲ್ಲವನು ಮತ್ತೆ ಅಪ್ಪನ ಹೊಲಕ್ಕೇ ಇಳಿಯಬೇಕಾಯಿತು, ಅದೂ ಹೊಲ ಇದ್ದರೆ.

ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದರೂ ಸಿಪಾಯಿಗಳನ್ನು ಮರೆಯಲಿಲ್ಲ. 1964ರಲ್ಲಿ ಮಾಜಿ ಸೈನಿಕರ ಅಖಿಲ ಭಾರತ ಸಂಘಟನೆ ಕಟ್ಟಿದರು.

ಹಾಸನ ಜಿಲ್ಲೆಯ ಕ್ಯಾಪ್ಟನ್ ಗೋಪಿನಾಥ್ ಅವರದು ಬೇರೆ ದಾರಿ. 1971ರ ಯುದ್ಧ ನೋಡಿದವರು, 28ನೇ ವಯಸ್ಸಿಗೇ ಸೈನ್ಯ ಬಿಟ್ಟರು. ಗೊರೂರಿನ ಮನೆತನದ ಜಮೀನು ಹೇಮಾವತಿ ಅಣೆಕಟ್ಟಿನ ನೀರಿಗೆ ಹೋಗಿತ್ತು. ಬದಲಿಗೆ ಜಾವಗಲ್ ಹತ್ತಿರ ಸಿಕ್ಕಿದ ಬರಡು ನೆಲದಲ್ಲಿ ಡೇರೆ ಹೊಡೆದು ಕೂತರು, ಸಾವಯವ ಬೇಸಾಯ ಮಾಡಿದರು. 1996ರಲ್ಲಿ ರೋಲೆಕ್ಸ್ ಪ್ರಶಸ್ತಿ, 2003ರಲ್ಲಿ ಏರ್ ಡೆಕ್ಕನ್. ವಿಮಾನದ ಸುದ್ದಿ ಎಲ್ಲರ ಬಾಯಲ್ಲೂ ಇದೆ. ನನಗಂತೂ ಆ ಡೇರೆಯೇ ದೊಡ್ಡದು ಅನಿಸುತ್ತದೆ.

ಸಾಮಾನ್ಯ ಜವಾನನ ಕಥೆ ಹೀಗಲ್ಲ. ಹದಿನೈದಿಪ್ಪತ್ತು ವರ್ಷ ಸೇವೆ ಮಾಡಿ ಮೂವತ್ತೈದು ನಲವತ್ತರ ಪ್ರಾಯಕ್ಕೆ ಬರುತ್ತಾನೆ. ಮಕ್ಕಳು ಇನ್ನೂ ಶಾಲೆಯಲ್ಲಿ. ಗ್ರಾಚ್ಯುಯಿಟಿ, ಭವಿಷ್ಯನಿಧಿ ಎಲ್ಲ ಒಟ್ಟಿಗೆ ಕೈಗೆ ಬರುತ್ತದೆ. ಬಂದ ಸುದ್ದಿ ಬಸ್ಸು ಇಳಿಯುವ ಮುಂಚೆಯೇ ಊರು ತಲುಪಿರುತ್ತದೆ! "ತಮ್ಮಾ, ಸುಗ್ಗಿಗೆ ಕೊಟ್ಟುಬಿಡ್ತೀನಿ" ಅಂತ ದಾಯಾದಿಗಳು, ಕೊಳವೆಬಾವಿ ತೋಡಿಸುವವರು, ಸೈಟಿನ ದಲ್ಲಾಳಿಗಳು. ಪಿಂಚಣಿಯ ಒಂದು ಪಾಲನ್ನು ಮುಂಗಡವಾಗಿ ತೆಗೆದುಕೊಂಡವನಿಗೆ ಆ ಪಾಲು ತಿಂಗಳ ಪಿಂಚಣಿಗೆ ಮರಳಿ ಸೇರುವುದು 15 ವರ್ಷದ ಮೇಲೆ. ಇದು ಗೊತ್ತಿಲ್ಲದೆ ರುಜು ಹಾಕಬಾರದು. ನಿವೃತ್ತಿಗೆ ಮುಂಚೆಯೇ ಪುನರ್ವಸತಿ ಮಹಾನಿರ್ದೇಶನಾಲಯದ ತರಬೇತಿಗೆ ಹೆಸರು ಕೊಡಬಹುದು. ಊರಿಗೆ ಬಂದ ಮೇಲೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು.

2022ರಲ್ಲಿ ಬಂದ ಅಗ್ನಿಪಥ ಯೋಜನೆ ಈ ಲೆಕ್ಕವನ್ನೇ ಬದಲಿಸಿದೆ. ನಾಲ್ಕೇ ವರ್ಷ ಸೇವೆ. ಕಾಯಂ ಆಗುವವರು ಶೇ. 25ರವರೆಗೆ, ಉಳಿದವರಿಗೆ ಪಿಂಚಣಿ ಇಲ್ಲ. ಸಂಬಳದಲ್ಲಿ ಶೇ. 30 ಹಿಡಿದು, ಸರ್ಕಾರವೂ ಅಷ್ಟೇ ಸೇರಿಸಿ, ಬಡ್ಡಿಯೊಂದಿಗೆ ಸುಮಾರು 11.71 ಲಕ್ಷ ರೂಪಾಯಿ ಕೊಡುವುದೆಂದು ಆಗ ಪ್ರಕಟವಾಯಿತು. ಅಂದರೆ ಇನ್ನೂ ಮದುವೆಯಾಗದ ಹುಡುಗನ ಕೈಗೆ ಇಷ್ಟು ದುಡ್ಡು, ಮುಂದೆ ಮೂವತ್ತೈದು ವರ್ಷದ ದುಡಿಮೆ. ಅವನು ಮೊದಲ ರಜಕ್ಕೆ ಬಂದಾಗಲೇ ಮನೆಯವರು ಕೂತು, ಮುಂದೆ ಓದುತ್ತೀಯೋ, ಕಸುಬು ಕಲಿಯುತ್ತೀಯೋ ಅಂತ ಕೇಳಬೇಕು.